ಭಾಗ ಎರಡು ಬರೆಯುವ ಮುಂಚೆ

ಪ್ರೀತಿಯ ತಂಗಿ,

ನಿನ್ನ ದೆವ್ವದ ಕಥೆ ಓದಿದವರೆಲ್ಲ ‘ಭಾಗ ಎರಡು ಯಾವಾಗ?’ ಅಂತ ಪೀಡಿಸುತ್ತಿದ್ದಾರೆ, ಬರೆಯಲೋ ಬೇಡವೋ ಅಂತ ಕೇಳಿದ್ದೀಯ. ಬರಿ. ಆದರೆ ಮೊದಲು ಅಮೆರಿಕದ ‘ಹ್ಯಾಲೋವೀನ್’ ಸಿನಿಮಾಗಳನ್ನು ಕೂತು ನೋಡು. ಒಟ್ಟು 13 ಇವೆ. ಕೆಲವನ್ನು ನೋಡಿ ಮುಗಿಸುವುದೇ ಒಂದು ಶಿಕ್ಷೆ, ಆದರೂ ನೋಡು.

ಮೊದಲನೆಯದು 1978ರದು. ಜಾನ್ ಕಾರ್ಪೆಂಟರ್ ನಿರ್ದೇಶನ. ಖರ್ಚು ಸುಮಾರು 3 ಲಕ್ಷ ಡಾಲರ್, ಅಷ್ಟೇ. ಕೊಲೆಗಾರನ ಮುಖವಾಡ ಕೂಡ ಅಂಗಡಿಯದು: ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಕ್ಯಾಪ್ಟನ್ ಕರ್ಕ್ ಪಾತ್ರದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದದ್ದು. ಆರು ವರ್ಷದ ಹುಡುಗ ಮೈಕಲ್ ತನ್ನ ಅಕ್ಕನನ್ನು ಕೊಲ್ಲುತ್ತಾನೆ. ಹದಿನೈದು ವರ್ಷದ ನಂತರ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಊರಿಗೆ ಬಂದು ಲಾರಿ ಎಂಬ ಹುಡುಗಿಯ ಬೆನ್ನು ಹತ್ತುತ್ತಾನೆ. ಯಾಕೆ? ಸಿನಿಮಾ ಹೇಳುವುದಿಲ್ಲ. ಭಯ ಇರುವುದೇ ಅಲ್ಲಿ. ಕಾರಣ ಗೊತ್ತಿದ್ದರೆ ‘ನಾನು ಅವಳಲ್ಲವಲ್ಲ’ ಅಂತ ನೋಡುವವರು ನಿದ್ದೆ ಮಾಡಬಹುದು.

1981ರ ಎರಡನೇ ಭಾಗ ಕಾರಣ ಕೊಟ್ಟಿತು. ಲಾರಿ ಅವನ ತಂಗಿಯಂತೆ! ರಾತ್ರಿ ಬಿಯರ್ ಕುಡಿಯುತ್ತಾ ಬರೆದ ಚಿತ್ರಕಥೆ ಅದು ಅಂತ ಕಾರ್ಪೆಂಟರ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಊರಿಗೆಲ್ಲ ಇದ್ದ ಭಯ ಒಂದು ಮನೆಯ ಜಗಳವಾಯಿತು. ಅಲ್ಲಿಂದ ಮುಂದೆ ಕಾರಣಕ್ಕೊಂದು ಕಾರಣ ಬೇಕಾಯಿತು. 1995ರ ಹೊತ್ತಿಗೆ ಒಂದು ಗುಪ್ತ ಪಂಥ, ಅದರ ಶಾಪ! 1998ರಲ್ಲಿ ಲಾರಿ ಅವನ ತಲೆಯನ್ನೇ ಕಡಿದಳು. ಸದ್ಯ, ಮುಗಿಯಿತು ಅಂದುಕೊಂಡರೆ, 2002ರಲ್ಲಿ ‘ಆ ತಲೆ ಬೇರೆಯವನದು’ ಅಂದರು. ಇನ್ನು ಅವನು ಸತ್ತರೂ ಯಾರು ನಂಬುತ್ತಾರೆ? ಕೊನೆಗೆ 2018ರ ಸಿನಿಮಾ ಮೊದಲನೆಯದನ್ನು ಮಾತ್ರ ಇಟ್ಟುಕೊಂಡು, ತಂಗಿ ಸಂಬಂಧವೂ ಸೇರಿ ಉಳಿದದ್ದನ್ನೆಲ್ಲ ಒರೆಸಿಹಾಕಿತು.

ನಿನ್ನ ಕಥೆಯಲ್ಲಿ ರಾತ್ರಿ ಬಾಗಿಲು ತಟ್ಟುವ ಹೆಂಗಸು ಯಾರು ಅಂತ ಓದುಗರು ಕೇಳುತ್ತಾರೆ. ಕೇಳಲಿ. ಹೇಳಬೇಡ. ಅವಳಿಗೊಂದು ಹಳೇ ಅನ್ಯಾಯ, ಒಂದು ಸೇಡು ಕೊಟ್ಟ ಕೂಡಲೇ ಅವಳ ಮೇಲೆ ಕನಿಕರ ಹುಟ್ಟುತ್ತದೆ. ಅದೂ ಕಥೆಯೇ, ಆದರೆ ನೀನು ಬರೆದ ಕಥೆಯಲ್ಲ.

ಹಾಗಾದರೆ ಮುಂದಿನ ಭಾಗದಲ್ಲಿ ಬರೆಯುವುದೇನು? 2018ರ ಲಾರಿಯನ್ನು ನೋಡು. ನಲವತ್ತು ವರ್ಷ ಕಳೆದಿದೆ, ಅಜ್ಜಿಯಾಗಿದ್ದಾಳೆ. ಮನೆಯನ್ನು ಕೋಟೆ ಮಾಡಿಕೊಂಡು, ಬಂದೂಕು ಹಿಡಿದು ಅವನಿಗಾಗಿ ಕಾಯುತ್ತಿದ್ದಾಳೆ. ಈ ಹುಚ್ಚಿನಿಂದ ಮಗಳ ಜೊತೆಗಿನ ಸಂಬಂಧ ಹಾಳಾಗಿದೆ. ಆ ಸರಣಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಕೊಲೆಗಾರ ಬದಲಾಗಿಲ್ಲ, ಬದುಕಿ ಉಳಿದವಳು ಬದಲಾಗಿದ್ದಾಳೆ. ಬಾಗಿಲು ತೆರೆದ ನಿನ್ನ ಆ ಹುಡುಗ ಈಗ ಏನಾಗಿದ್ದಾನೆ? ಅಲ್ಲಿಂದ ಶುರು ಮಾಡು.

ಪೂರ್ತಿ ಬೇರೆ ಕಥೆ ಬರೆಯುವ ಆಸೆಯಿದ್ದರೆ ಹೆಸರನ್ನೂ ಬದಲಿಸು. 1982ರ ಮೂರನೇ ಭಾಗದಲ್ಲಿ ಮೈಕಲ್ ಇರಲೇ ಇಲ್ಲ. ಪ್ರತಿ ಸಲ ಒಂದು ಹೊಸ ಕಥೆ ಹೇಳುವ ಯೋಚನೆ ಅವರದು, ಒಳ್ಳೆಯದೇ. ಜನ ಮುಖವಾಡ ಹುಡುಕಿಕೊಂಡು ಬಂದು ಸಿಟ್ಟಾದರು. 1988ರಲ್ಲಿ ಮೈಕಲ್ ವಾಪಸ್.

ಇನ್ನೊಂದು, ಸ್ವಲ್ಪ ಒಣ ವಿಷಯ. ನಿನ್ನ ಕಥೆಯನ್ನು ವೆಬ್ ಸರಣಿ ಮಾಡುತ್ತೇವೆ ಅಂತ ಯಾರೋ ಬಂದಿದ್ದಾರಂತಲ್ಲ. ‘ಫ್ರೈಡೇ ದ ಥರ್ಟೀನ್ತ್’ ಗೊತ್ತಲ್ವಾ, ಅಮೆರಿಕದ ಇನ್ನೊಂದು ಭಯದ ಸಿನಿಮಾ ಸರಣಿ? 1980ರ ಆ ಮೊದಲ ಚಿತ್ರಕಥೆ ಬರೆದ ವಿಕ್ಟರ್ ಮಿಲ್ಲರ್, ಅಮೆರಿಕದಲ್ಲಿ ಅದರ ಹಕ್ಕು ವಾಪಸ್ ಪಡೆಯಲು ಕೋರ್ಟಿಗೆ ಅಲೆಯಬೇಕಾಯಿತು. 2021ರಲ್ಲಿ ಮೇಲ್ಮನವಿ ಕೋರ್ಟೂ ಅವರ ಪರವೇ ತೀರ್ಪು ಕೊಟ್ಟಿತು. ಆದರೆ ಎಲ್ಲರೂ ಗುರುತಿಸುವ, ಹಾಕಿ ಮುಖವಾಡದ ಕೊಲೆಗಾರ ಜೇಸನ್ ಆ ಚಿತ್ರಕಥೆಯಲ್ಲಿ ಇಲ್ಲ, ಅವನು ಮುಂದಿನ ಭಾಗಗಳವನು. ಮೊದಲ ಸಿನಿಮಾದ ಕೊಲೆಗಾರ್ತಿ ಅವನ ತಾಯಿ, ಮುಖವಾಡ ಬಂದದ್ದು ಮೂರನೇ ಭಾಗದಲ್ಲಿ. ಹಾಗಾಗಿ ಕರಾರಿನಲ್ಲಿ ಮುಂದಿನ ಭಾಗಗಳ ಹಕ್ಕು ಯಾರಿಗೆ ಅಂತ ಬರೆದಿರುವ ಸಾಲು ಹುಡುಕು. ಸಿಗದಿದ್ದರೆ ಸಹಿ ಹಾಕಬೇಡ, ನನಗೊಂದು ಪ್ರತಿ ಕಳಿಸು, ವಕೀಲರಿಗೆ ತೋರಿಸೋಣ.

ನಿನ್ನ,
ಅಣ್ಣ