ಜೆಟ್ ಬದಲಿಸಿದ ಒಲೆಗೆ ಗುರುತು ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಬಂದ ಬಡಾವಣೆಗಳಲ್ಲಿ ಸಿಲಿಂಡರ್ ಒಲೆಗಳ ಜೆಟ್ (ಬರ್ನರಿಗೆ ಅನಿಲ ಚಿಮ್ಮಿಸುವ, ಸಣ್ಣ ತೂತಿನ ಹಿತ್ತಾಳೆ ತುಣುಕು) ಬದಲಿಸಿ ಬಳಸುವುದು ಸಾಮಾನ್ಯವಾಗಿದೆ. ಬದಲಿಸುವಾಗ ಇರುವ ಎಚ್ಚರ, ಅದೇ ಒಲೆ ಮತ್ತೆ ಸಿಲಿಂಡರಿಗೆ ಮರಳುವಾಗ ಇರುವುದಿಲ್ಲ. ಹೆಚ್ಚಿನ ಅಪಾಯ ಅಲ್ಲೇ.

ಎಲ್‌ಪಿಜಿ ಒಲೆಗೆ ಬರುವುದು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ, ಪೈಪ್ ಗ್ಯಾಸ್ ಸುಮಾರು 21ರಲ್ಲಿ. ಸಮ ಗಾತ್ರದ ಅನಿಲ ಉರಿಸಿದರೆ ಪೈಪ್ ಗ್ಯಾಸ್ ಕೊಡುವ ಶಾಖ ಎಲ್‌ಪಿಜಿಯ ಅರ್ಧಕ್ಕೂ ಕಡಿಮೆ. ಹಾಗಾಗಿ ಅಷ್ಟೇ ಉರಿಗೆ ಜೆಟ್ ತೂತಿನ ವ್ಯಾಸ ಸುಮಾರು 1.4 ಪಟ್ಟು ಆಗಬೇಕು: 0.70 ಮಿ.ಮೀ. ಇದ್ದಲ್ಲಿ ಹೆಚ್ಚುಕಡಿಮೆ 0.95ರಿಂದ 1.0. ಇದು ಅಂದಾಜು ಮಾತ್ರ, ಸರಿಯಾದ ಅಳತೆ ಆಯಾ ಮಾದರಿಗೆ ತಯಾರಕರು ಹೇಳಿದ್ದೇ.

ಕೆಲವು ಮೆಕ್ಯಾನಿಕ್‌ಗಳು ಹಳೆಯ ಜೆಟ್ಟನ್ನೇ ಕೊರೆದು ದೊಡ್ಡದು ಮಾಡುತ್ತಾರೆ. ಹಿತ್ತಾಳೆ ಮೆದು, ಬಿಟ್ ಕೊಂಚ ವಾಲಿದರೂ ತೂತು ಓರೆಯಾಗುತ್ತದೆ, ಅಂಚಿನಲ್ಲಿ ಚೂರು ಉಳಿಯುತ್ತದೆ. ಅನಿಲವು ಗಾಳಿಯೊಂದಿಗೆ ಬೆರೆಯುವ ಕೊಳವೆಯ (ಮಿಕ್ಸಿಂಗ್ ಟ್ಯೂಬಿನ) ನಡುವೆ ನೆಟ್ಟಗೆ ಹಾರದೆ ಗೋಡೆಗೆ ಬಡಿದು, ಬೇಕಾದಷ್ಟು ಗಾಳಿ ಎಳೆದುಕೊಳ್ಳುವುದಿಲ್ಲ. ಉರಿಯ ತುದಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿಸುವ ಈ ಜಾಣತನ ಬೇಡ. ಅಳತೆ ಒತ್ತಿದ ಹೊಸ ಜೆಟ್ಟನ್ನೇ ಕೇಳಿ ಹಾಕಿಸಿ.

ಸಿಮ್‌ನದು ಬೇರೆಯೇ ತಕರಾರು. ಜೆಟ್ ಬದಲಾದರೂ ಸಿಮ್‌ನಲ್ಲಿ ಅನಿಲ ಹಾಯುವ ಕಿಂಡಿ ಎಲ್‌ಪಿಜಿ ಅಳತೆಯದೇ. ಅದಕ್ಕೇ ಉರಿ ತೀರಾ ಸಣ್ಣಗಾಗಿ ಆರಿಹೋಗುತ್ತದೆ. ಕಟ್ಟೆಯೊಳಗೆ ಕೂರಿಸುವ ಹಾಬ್‌ಗಳಲ್ಲಿ ಸಾಮಾನ್ಯವಾಗಿ ನಾಬ್ ತೆಗೆದರೆ ಸಣ್ಣ ಸ್ಕ್ರೂ ಸಿಗುತ್ತದೆ, ಅದನ್ನು ತುಸು ಸಡಿಲಿಸಬೇಕು. ಅಂಥ ಸ್ಕ್ರೂ ಇಲ್ಲದಿದ್ದರೆ ಒಲೆ ಕಂಪನಿಯ ಸರ್ವಿಸ್‌ನವರಿಗೆ ಬಿಡುವುದೇ ಲೇಸು. ಕೊನೆಗೆ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಕಡ್ಡಿ ಗೀರಿ ಸೋರಿಕೆ ಹುಡುಕುವವರು ಈಗಲೂ ಇದ್ದಾರೆ!

ಇನ್ನು ಹಿಂದಿರುಗುವ ದಾರಿ. ಬಾಡಿಗೆ ಮನೆ ಬಿಟ್ಟು ಪೈಪ್ ಇಲ್ಲದ ಊರಿಗೆ ಹೋದವರು ಒಲೆಯನ್ನು ಹಾಗೆಯೇ ಸಿಲಿಂಡರಿಗೆ ಸಿಕ್ಕಿಸುತ್ತಾರೆ, ಇಲ್ಲವೇ ಹಳೆ ಸಾಮಾನಿನ ಅಂಗಡಿಗೆ ಮಾರುತ್ತಾರೆ. ದೊಡ್ಡ ತೂತಿನಿಂದ ಎಲ್‌ಪಿಜಿ ನುಗ್ಗಿದರೆ ಬರ್ನರ್ ತಾಳಬೇಕಾದ ಶಾಖ ಸುಮಾರು ಇಮ್ಮಡಿ. ಪೈಪ್ ಗ್ಯಾಸ್ ಒಂದು ಪಾಲಿಗೆ 10 ಪಾಲು ಗಾಳಿ ಸಾಕು, ಎಲ್‌ಪಿಜಿಗೆ 25ಕ್ಕೂ ಮಿಕ್ಕಿ ಬೇಕು. ಅಷ್ಟು ಗಾಳಿ ಸಿಗದೆ ಹಳದಿ ಜ್ವಾಲೆ ಪಾತ್ರೆಯ ಪಕ್ಕಕ್ಕೆ ನಾಲಿಗೆ ಚಾಚುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ಆದ್ದರಿಂದ ಜೆಟ್ ಬದಲಿಸುವ ತಂತ್ರಜ್ಞರು ಒಲೆಯ ತಳಕ್ಕೆ ‘ಪೈಪ್ ಗ್ಯಾಸ್ ಮಾತ್ರ’ ಎಂಬ ಚೀಟಿ, ತಾರೀಖಿನೊಂದಿಗೆ, ಕಡ್ಡಾಯವಾಗಿ ಅಂಟಿಸುವಂತೆ ಅನಿಲ ಪೂರೈಕೆ ಕಂಪನಿಗಳು ನಿಯಮ ಮಾಡಲಿ. ಬಿಚ್ಚಿದ ಜೆಟ್‌ಗಳನ್ನು ಯಾವ ಬರ್ನರಿನದು ಎಂದು ಬರೆದು ಮನೆಯವರ ಕೈಗೆ ಕೊಡಲಿ. ಸಣ್ಣ, ದೊಡ್ಡ ಬರ್ನರ್‌ಗಳ ಜೆಟ್ ಅದಲುಬದಲಾಗುವುದು ಅಪರೂಪವೇನಲ್ಲ. ಹಳೆ ಒಲೆ ಕೊಳ್ಳುವವರು ಬರ್ನರ್ ಎತ್ತಿ, ಜೆಟ್ ಮೇಲಿನ ಅಂಕಿ ಓದದೆ ದುಡ್ಡು ಕೊಡಬಾರದು.

– ಗ್ಯಾಸ್ ಒಲೆ ತಂತ್ರಜ್ಞ, ಬೆಂಗಳೂರು