ನಾರುಹುಣ್ಣು ಮತ್ತು ಜಿಮ್ಮಿ ಕಾರ್ಟರ್

ನಮ್ಮಜ್ಜಿಯ ಎಡಗಾಲಿನ ಹರಡಿನ ಹತ್ತಿರ ನಾಲ್ಕಾಣೆ ಅಗಲದ ಒಂದು ಕಲೆ ಇತ್ತು. ಏನಜ್ಜಿ ಅದು ಎಂದರೆ, "ನಾರುಹುಣ್ಣು ಆಗಿತ್ತಪಾ, ಬಿತ್ತೋ ಹೊತ್ತಿನಾಗ ಎರಡು ತಿಂಗಳು ನೆಲ ಹಿಡಿದಿದ್ದೆ" ಅನ್ನುತ್ತಿದ್ದಳು. ರಾಯಚೂರಿನ ಕಡೆಯ ನಮ್ಮೂರಿನಲ್ಲಿ ಆಗ ಮೆಟ್ಟಿಲು ಬಾವಿಗೆ ಇಳಿದು, ನೀರಿನಲ್ಲಿ ಕಾಲಿಟ್ಟು ಕೊಡ ತುಂಬುತ್ತಿದ್ದರು. 2025ರ ಜನವರಿ 9ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಆ ದೇಶ ವಿದಾಯ ಹೇಳುವುದನ್ನು ಟಿವಿಯಲ್ಲಿ ನೋಡುವಾಗ ನನಗೆ ಆ ಕಲೆ ನೆನಪಾಯಿತು. ಸಂಕ್ರಾಂತಿ ಸಂಚಿಕೆಗೆ ಹಬ್ಬದ ಬಗ್ಗೆ ಬರೆಯಬೇಕೆಂದಿದ್ದೆ. ಮನಸ್ಸು ಅತ್ತ ಹೋಗಲಿಲ್ಲ.

ಕಾರ್ಟರ್ ಹುಟ್ಟಿದ್ದು 1924ರಲ್ಲಿ, ಜಾರ್ಜಿಯಾದ ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿ. ನೌಕಾಪಡೆ ಸೇರಿ ಪರಮಾಣು ಜಲಾಂತರ್ಗಾಮಿಯ ಕೆಲಸದಲ್ಲಿದ್ದವರು 1953ರಲ್ಲಿ ತಂದೆ ತೀರಿಕೊಂಡಾಗ ನೌಕರಿ ಬಿಟ್ಟು ಊರಿಗೆ ಮರಳಿ ಶೇಂಗಾ ವ್ಯಾಪಾರ ಹಿಡಿದರು. ಪತ್ನಿ ರೊಸಾಲಿನ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ. ಸಂಸಾರ ಮೊದಲು ಬಿಡಾರ ಹೂಡಿದ್ದು ಬಡವರಿಗೆಂದು ಸರ್ಕಾರ ಕಟ್ಟಿಸಿದ ವಸತಿಯಲ್ಲಿ. 1971ರಲ್ಲಿ ಜಾರ್ಜಿಯಾದ ಗವರ್ನರ್ ಆಗಿ ಪ್ರಮಾಣವಚನ ಪಡೆದ ದಿನವೇ, ವರ್ಣಭೇದದ ಕಾಲ ಮುಗಿಯಿತೆಂದು ಸಾರಿದರು. ಆ ರಾಜ್ಯದಲ್ಲಿ, ಆ ಹೊತ್ತಿನಲ್ಲಿ ಹಾಗೆ ಹೇಳಲು ಗುಂಡಿಗೆ ಬೇಕಿತ್ತು.

ಅಧ್ಯಕ್ಷರಾಗಿ ಅವರದು ನಾಲ್ಕೇ ವರ್ಷ. 1978ರಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್ ಮತ್ತು ಇಸ್ರೇಲಿನ ಪ್ರಧಾನಿ ಬೇಗಿನ್ ಅವರನ್ನು ಅಮೆರಿಕದ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಕೂರಿಸಿಕೊಂಡು ಶಾಂತಿ ಒಪ್ಪಂದಕ್ಕೆ ತಂದರು. ಇರಾನಿನ ವಿಷಯದಲ್ಲಿ ಮಾತ್ರ ಎಡವಿದರು. ಅಲ್ಲಿನ ದೊರೆ ಷಾನನ್ನು ಹೊಗಳಿದ್ದೂ, ಅವನು ಪದಚ್ಯುತನಾದ ಮೇಲೆ ಚಿಕಿತ್ಸೆಗೆಂದು ಅಮೆರಿಕಕ್ಕೆ ಬಿಟ್ಟುಕೊಂಡದ್ದೂ ಅವರೇ. ಅದರ ಸಿಟ್ಟಿಗೆ ಇರಾನಿನ ರಾಜಧಾನಿ ಟೆಹ್ರಾನಿನಲ್ಲಿ 52 ಮಂದಿ ಅಮೆರಿಕನ್ನರು 444 ದಿನ ಒತ್ತೆಯಾಳುಗಳಾಗಿದ್ದರು. ಬಿಡಿಸಲು ಹೋದ 8 ಯೋಧರು ಮರುಭೂಮಿಯಲ್ಲಿ ಸತ್ತರು. 1980ರ ಚುನಾವಣೆಯಲ್ಲಿ ಕಾರ್ಟರ್‌ಗೆ ದಕ್ಕಿದ್ದು ಆರೇ ರಾಜ್ಯ. ಆ ಸೋಲಿನಲ್ಲಿ ಅವರ ಪಾಲೂ ಇತ್ತೆಂದೇ ನನ್ನ ಅನಿಸಿಕೆ.

ಆಗ ಅವರಿಗೆ 56 ವರ್ಷ. 1982ರಲ್ಲಿ ಅಟ್ಲಾಂಟಾದಲ್ಲಿ ಕಾರ್ಟರ್ ಸೆಂಟರ್ ಎಂಬ ಸೇವಾ ಸಂಸ್ಥೆ ಕಟ್ಟಿದರು. 1986ರಲ್ಲಿ ಆ ಸಂಸ್ಥೆ ಎತ್ತಿಕೊಂಡ ರೋಗವೇ ನಮ್ಮಜ್ಜಿಯ ನಾರುಹುಣ್ಣು. ನಿಂತ ನೀರಿನ ಸೂಕ್ಷ್ಮ ಜೀವಿಗಳೊಳಗೆ ಇದರ ಮರಿ ಇರುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಒಂದು ವರ್ಷ ಬೆಳೆದು, ಸುಮಾರು ಮೀಟರ್ ಉದ್ದದ ದಾರದಂಥ ಹುಳು ಚರ್ಮ ಸೀಳಿ ಹೊರಬರುತ್ತದೆ. ಉರಿ ತಡೆಯಲಾರದೆ ಕಾಲನ್ನು ನೀರಿಗಿಳಿಸಿದರೆ ಹುಳು ಅಲ್ಲೇ ಮರಿ ಬಿಡುತ್ತದೆ. ಮದ್ದಿಲ್ಲ, ಲಸಿಕೆಯಿಲ್ಲ. ಕಡ್ಡಿಗೆ ಸುತ್ತುತ್ತಾ ದಿನಕ್ಕಿಷ್ಟು ಎಳೆಯಬೇಕು. ಅವಸರ ಮಾಡಿದರೆ ತುಂಡಾಗಿ ಗಾಯ ಕೀವುಗಟ್ಟುತ್ತದೆ.

ಇದು ತೀರಾ ಬಡವರ ಕಾಯಿಲೆ. ಆ ಜನರಿಂದ ಕಾರ್ಟರ್‌ಗೆ ಒಂದು ಓಟೂ ಬರುವಂತಿರಲಿಲ್ಲ. 1988ರಲ್ಲಿ ಆಫ್ರಿಕಾದ ಘಾನಾ ದೇಶದ ಒಂದು ಹಳ್ಳಿಯಲ್ಲಿ ಮಗುವನ್ನು ಎದೆಗವುಚಿಕೊಂಡಂತೆ ಕಂಡ ಯುವತಿಯ ಹತ್ತಿರ ಹೋದರಂತೆ. ಮಗುವಲ್ಲ, ಬಾತುಕೊಂಡ ಮೊಲೆ. ಅದರಿಂದ ಹುಳು ಹೊರಬರುತ್ತಿತ್ತು. ಮುಂದೆ ಅವರು ಆ ಯುವತಿಯನ್ನು ಮತ್ತೆ ಮತ್ತೆ ನೆನೆದರು. ಹಳ್ಳಿಹಳ್ಳಿಗೆ ನೀರು ಸೋಸುವ ಬಟ್ಟೆ ಹಂಚಿಸಿದರು, 1995ರಲ್ಲಿ ಸುಡಾನಿನ ಅಂತರ್ಯುದ್ಧವನ್ನೇ ಕೆಲವು ತಿಂಗಳು ನಿಲ್ಲಿಸಿ ಆರೋಗ್ಯ ಕಾರ್ಯಕರ್ತರಿಗೆ ದಾರಿ ಬಿಡಿಸಿದರು. 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಬರುತ್ತಿದ್ದ ರೋಗ, 2023ರಲ್ಲಿ 14 ಜನರಲ್ಲಿ ಕಂಡಿತು.

ಭಾರತದಲ್ಲಿ ಇದನ್ನು ಓಡಿಸಿದ್ದು ನಮ್ಮವರೇ, 1980ರ ದಶಕದಲ್ಲಿ ಶುರುವಾದ ಸರ್ಕಾರದ ಕಾರ್ಯಕ್ರಮದಿಂದ. ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲು ಬಾವಿಗಳ ಜಾಗಕ್ಕೆ ಸೇದುವ ಬಾವಿ, ಬೋರ್‌ವೆಲ್ ಬಂದವು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕಿದ್ದು. ಮನೆಮನೆಗೆ ಓಡಾಡಿದ ಆ ಆರೋಗ್ಯ ಕಾರ್ಯಕರ್ತರ ಹೆಸರು ಯಾರಿಗೂ ಗೊತ್ತಿಲ್ಲವೆಂಬ ಕೊರಗು ನನಗಿದೆ.

ಕೊನೆಯ ಹುಳು ತನಗಿಂತ ಮೊದಲು ಸಾಯಬೇಕೆಂದು 2015ರಲ್ಲಿ, ಕ್ಯಾನ್ಸರ್ ಇದೆಯೆಂದು ತಿಳಿದಾಗ, ಕಾರ್ಟರ್ ಹೇಳಿದ್ದರು. ಅದಾಗಲಿಲ್ಲ. ನೂರು ತುಂಬಿಸಿ, 2024ರ ಡಿಸೆಂಬರ್ 29ರಂದು ಪ್ಲೇನ್ಸಿನ ಮನೆಯಲ್ಲೇ ತೀರಿಕೊಂಡರು. ಈಗ ಆಫ್ರಿಕಾದ ಚಾಡ್ ದೇಶದಲ್ಲಿ ಹುಳು ನಾಯಿಗಳಿಗೂ ಹತ್ತಿದೆ. ಅವು ಕೆರೆಗಿಳಿಯದಂತೆ ಜನ ಮನೆ ಮುಂದೆ ಕಟ್ಟಿಹಾಕುತ್ತಿದ್ದಾರೆ.