ಆ ಸ್ಟಾರ್ ಗುರುತು ನೋಡಿ ನಿದ್ದೆ ಕೆಡಿಸಿಕೊಳ್ಳಬೇಡ

ಪುಟ್ಟಾ,

ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ರಿಪೋರ್ಟ್ ಫೋಟೋ ನೋಡಿದೆ. ಉರಿಯೂತ ಅಳೆಯುವ ಎಚ್‌ಎಸ್-ಸಿಆರ್‌ಪಿ ಪರೀಕ್ಷೆಯಲ್ಲಿ ಲೀಟರಿಗೆ 14 ಮಿಲಿಗ್ರಾಂ, ದಪ್ಪ ಅಕ್ಷರ, ಪಕ್ಕಕ್ಕೊಂದು ಸ್ಟಾರ್ ಬೇರೆ. "ದೊಡ್ಡಮ್ಮ, ಇನ್ನೊಂದು ಹಾರ್ಟ್ ಅಟ್ಯಾಕ್ ಆಗುತ್ತಾ?" ಅಂತ ಕೇಳಿದ್ದೀಯ.

ಹೋದ ವಾರ ನಿನ್ನ ದವಡೆ ಊದಿತ್ತು ಅಲ್ವಾ? ಹಲ್ಲು ಕೀವು ಕಟ್ಟಿದ್ದಾಗಲೇ ಹೋಗಿ ರಕ್ತ ಕೊಟ್ಟು ಬಂದಿದ್ದೀಯ, ಮಾರಾಯ. 28 ವರ್ಷ ಲ್ಯಾಬಿನಲ್ಲಿ ದುಡಿದವಳು ನಾನು, ಕೇಳು. ಮೈಯಲ್ಲಿ ಎಲ್ಲೇ ಉರಿಯೂತ ಆದರೂ ಲಿವರ್ ಈ ಸಿಆರ್‌ಪಿ ಅನ್ನೋ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. 1930ರಲ್ಲಿ ಇದು ಮೊದಲು ಸಿಕ್ಕಿದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಊರಲ್ಲಿ ತಮಟೆ ಸದ್ದು ಕೇಳಿದರೆ ಜಾತ್ರೆಯೋ ಸಾವೋ ಅಂತ ಹೊರಗೆ ಹೋಗಿ ನೋಡಿದರೇ ಗೊತ್ತಾಗೋದು, ಇದೂ ಹಾಗೇ. 10 ದಾಟಿದರೆ ಮೊದಲು ಸೋಂಕು ಹುಡುಕಬೇಕು, ಅದು ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ.

ಹಾಗಂತ ಸುಮ್ನೆ ಬಿಡೋ ವಿಷಯವೂ ಅಲ್ಲ. ಮೈ ಚೆನ್ನಾಗಿರುವಾಗಲೂ 3ರ ಮೇಲೇ ನಿಂತರೆ ಅಪಾಯ ಜಾಸ್ತಿ, 1ರ ಒಳಗಿದ್ದರೆ ಒಳ್ಳೆಯದು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 58 ಬಂತು ಅಂತ ಬೀಗುತ್ತಿದ್ದೆಯಲ್ಲ, ಅದಷ್ಟೇ ಸಾಲದು. 2017ರಲ್ಲಿ ಕ್ಯಾಂಟೋಸ್ ಅನ್ನೋ ಅಧ್ಯಯನ ಬಂತು. ಒಮ್ಮೆ ಅಟ್ಯಾಕ್ ಆಗಿ, ಸಿಆರ್‌ಪಿ 2ರ ಮೇಲಿದ್ದ ಹತ್ತು ಸಾವಿರ ಜನರಲ್ಲಿ ಹಲವರಿಗೆ ಕೊಲೆಸ್ಟ್ರಾಲ್ ಮುಟ್ಟದೆ ಬರೀ ಉರಿಯೂತ ತಗ್ಗಿಸುವ ಇಂಜೆಕ್ಷನ್, ಉಳಿದವರಿಗೆ ಔಷಧವಿಲ್ಲದ ಇಂಜೆಕ್ಷನ್ ಕೊಟ್ಟು ನೋಡಿದರು. 150 ಮಿಲಿಗ್ರಾಂ ಪಡೆದವರಲ್ಲಿ ಅಟ್ಯಾಕ್, ಸ್ಟ್ರೋಕ್ ಮತ್ತು ಹೃದಯದಿಂದಾಗುವ ಸಾವು ಒಟ್ಟು ಸೇರಿ ಶೇ. 15 ಕಡಿಮೆಯಾದವು. ಆದರೆ ಸೋಂಕಿನಿಂದ ಸತ್ತವರು ಹೆಚ್ಚಾದರು, ಅದು ಹೃದಯಕ್ಕೆ ಬಳಕೆಗೆ ಬರಲೂ ಇಲ್ಲ.

ಈಗ ಉರಿಯೂತ ತಗ್ಗಿಸಲು ಕೆಲವರಿಗೆ ಕೊಲ್ಚಿಸಿನ್ ಅನ್ನೋ ಮಾತ್ರೆ 0.5 ಮಿಲಿಗ್ರಾಂ ಕೊಡುತ್ತಾರೆ. ಅದು ನಮ್ಮ ಬೇಲಿಯ ಗೌರಿ ಹೂವಿನ ಗಡ್ಡೆಯಲ್ಲಿರುವ ವಿಷವೇ! ಕಿಡ್ನಿ ನೋಡಿ, ನೀನು ನುಂಗುವ ಬೇರೆ ಮಾತ್ರೆ ನೋಡಿ ಡಾಕ್ಟರೇ ಹೇಳಬೇಕು. ನಿಮ್ಮಪ್ಪನಿಗೆ ಮಾತ್ರ ಇದನ್ನು ಓದಿ ಹೇಳಬೇಡ, ಗಡ್ಡೆ ಕಿತ್ತು ಕಷಾಯಕ್ಕಿಟ್ಟಾನು.

ನಿನ್ನ ಸ್ಟ್ಯಾಟಿನ್ ಮಾತ್ರೆ ಕೊಲೆಸ್ಟ್ರಾಲ್ ಜೊತೆಗೆ ಉರಿಯೂತವನ್ನೂ ಇಳಿಸುತ್ತದೆ, ಅದನ್ನು ತಪ್ಪಿಸಬೇಡ. ಸಿಗರೇಟು ಬಿಟ್ಟೆ ಅಂದೆ, ನಂಬಿದ್ದೇನೆ. ಆ ಹೊಟ್ಟೆಯ ಕೊಬ್ಬೂ ಸಿಆರ್‌ಪಿ ಏರಿಸುತ್ತದೆ, ಗೊತ್ತಿರಲಿ.

ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗು. ಸ್ಟೆಂಟ್ ಇದೆ, ರಕ್ತ ತೆಳು ಮಾಡುವ ಮಾತ್ರೆ ನಡೀತಿದೆ ಅಂತ ಮೊದಲೇ ಹೇಳು, ನೀನಾಗಿ ನಿಲ್ಲಿಸಬೇಡ. ಮೂರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ರಕ್ತ ಕೊಟ್ಟು ಫೋಟೋ ಕಳಿಸು. ಹಗಲು ಹೊತ್ತಲ್ಲಿ.

ನಿನ್ನ ದೊಡ್ಡಮ್ಮ